ಫಾರ್ಮ್ಯಾಟ್ ಒತ್ತಿದ ಮೇಲೆ ಫೋಟೋ ಎಲ್ಲಿಗೆ ಹೋಗುತ್ತೆ?

ಕೇಳ್ತಾ ಕೇಳ್ತಾನೇ ಒಂದು ಚಿಕ್ಕ ಕೆಲಸ ಮಾಡಿ. ಆಂಡ್ರಾಯ್ಡ್ ಫೋನ್ ಇದ್ದರೆ ಫೈಲ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ‘ಡಿಸಿಐಎಂ’ ಅಂತ ಒಂದು ಫೋಲ್ಡರ್ ಇದೆ. ಐಫೋನಿನವರು ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ಅದೇ ಹೆಸರು ಕಾಣುತ್ತೆ. ಡಿಜಿಟಲ್ ಕ್ಯಾಮೆರಾ ಇಮೇಜಸ್ ಅನ್ನೋದರ ಸಂಕ್ಷಿಪ್ತ ರೂಪ ಅದು. ಒಂದು ಕಂಪನಿಯ ಕ್ಯಾಮೆರಾದಲ್ಲಿ ತೆಗೆದ ಫೋಟೋ ಇನ್ನೊಂದು ಕಂಪನಿಯ ಯಂತ್ರದಲ್ಲೂ ತೆರೆದುಕೊಳ್ಳಬೇಕು ಅಂತ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘ 1998ರಲ್ಲಿ ಮಾಡಿದ ನಿಯಮದಿಂದ ಬಂದ ಹೆಸರು. ಆಗ ಕ್ಯಾಮೆರಾ ಇರೋ ಸ್ಮಾರ್ಟ್‌ಫೋನ್ ಅನ್ನೋದೇ ಇರಲಿಲ್ಲ. ನಿಯಮ ಮಾತ್ರ ಇವತ್ತಿಗೂ ನಿಮ್ಮ ಜೇಬಿನಲ್ಲಿದೆ.

ಅದೇ ನಿಯಮದಲ್ಲಿ ಫೈಲಿನ ಹೆಸರು ಎಂಟೇ ಅಕ್ಷರ ಇರಬೇಕು ಅಂತಲೂ ಇದೆ: ಮೊದಲು ನಾಲ್ಕು ಅಕ್ಷರ, ಆಮೇಲೆ ನಾಲ್ಕು ಅಂಕಿ. ಅದಕ್ಕೇ ನಿಮ್ಮ ಕ್ಯಾಮೆರಾ 9999 ಫೋಟೋ ಆದಮೇಲೆ ಮತ್ತೆ 0001ಕ್ಕೆ ಬರೋದು. ಎಂಟೇ ಯಾಕೆ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ನಾವು ನಿಲ್ಲೋದು 1977ರಲ್ಲಿ. ಇವತ್ತಿನ ವಿಷಯವೂ ಅಲ್ಲೇ ಇದೆ: ಕಾರ್ಡ್ ಫಾರ್ಮ್ಯಾಟ್ ಮಾಡಿದಾಗ ನಿಜವಾಗಿ ಏನಾಗುತ್ತೆ, ಏನಾಗಲ್ಲ.

1977ರಲ್ಲಿ ಮೈಕ್ರೋಸಾಫ್ಟ್ ಇನ್ನೂ ಬೆರಳೆಣಿಕೆಯ ಜನರ ಕಂಪನಿ. ಅಲ್ಲಿ ಮಾರ್ಕ್ ಮೆಕ್‌ಡೊನಾಲ್ಡ್ ಅನ್ನೋ ಪ್ರೋಗ್ರಾಮರ್ ಫ್ಲಾಪಿ ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡೋಕೆ ಒಂದು ಪಟ್ಟಿ ರೂಪಿಸಿದ. ಫೈಲ್ ಅಲೊಕೇಶನ್ ಟೇಬಲ್, ಚಿಕ್ಕದಾಗಿ ‘ಫ್ಯಾಟ್’. ಟಿಮ್ ಪ್ಯಾಟರ್ಸನ್ ಅದೇ ಉಪಾಯವನ್ನ 1980ರಲ್ಲಿ ತನ್ನ 86-ಡಾಸ್‌ಗೆ ತಂದ. ಆ ಡಾಸ್ ಮೈಕ್ರೋಸಾಫ್ಟ್ ಕೈಗೆ ಬಂತು, 1981ರಲ್ಲಿ ಐಬಿಎಂ ಪಿಸಿ ಜೊತೆ ಜಗತ್ತಿಗೆಲ್ಲ ಹರಡಿತು. ಎಂಟಕ್ಷರದ ಹೆಸರು ಆ ಡಾಸ್ ಕಾಲದ ಉಳಿಕೆ.

ನಾನು ಬಿ.ಕಾಂ ಮಾಡಿದೋನು. ಈ ಫ್ಯಾಟ್ ಅನ್ನೋದು ನನಗೆ ಅರ್ಥ ಆಗಿದ್ದು ಲೆಡ್ಜರ್ ಇಂಡೆಕ್ಸ್ ಥರ. ಇಂಡೆಕ್ಸಿನಲ್ಲಿ ಪಾರ್ಟಿ ಹೆಸರು, ಪಕ್ಕದಲ್ಲಿ ಪುಟದ ನಂಬರ್. ಖಾತೆ ಇರೋದು ಒಳಗಿನ ಪುಟಗಳಲ್ಲಿ. ಈಗ ನೀವು ಒಂದು ಫೋಟೋ ಡಿಲೀಟ್ ಮಾಡಿದಿರಿ ಅಂದ್ಕೊಳ್ಳಿ. ಫ್ಯಾಟ್ ಪದ್ಧತಿಯಲ್ಲಿ ಆಗೋದು ಇಷ್ಟು: ಇಂಡೆಕ್ಸಿನಲ್ಲಿ ಆ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ‘ಇ5’ ಅನ್ನೋ ಗುರುತು ಬೀಳುತ್ತೆ, ಆ ಪುಟಗಳು ಖಾಲಿ ಅಂತ ಪಟ್ಟಿಯಲ್ಲಿ ಬರೆಯಲಾಗುತ್ತೆ. ಪುಟ ಹರಿಯೋದಿಲ್ಲ, ರಬ್ಬರ್ ತಗೊಂಡು ಯಾರೂ ಉಜ್ಜೋದಿಲ್ಲ. ಕ್ವಿಕ್ ಫಾರ್ಮ್ಯಾಟ್ ಅಂದರೆ ಇನ್ನೂ ಸೋಮಾರಿ ಕೆಲಸ. ಹಳೇ ಇಂಡೆಕ್ಸ್ ಜಾಗದಲ್ಲಿ ಹೊಸ ಖಾಲಿ ಇಂಡೆಕ್ಸ್ ಅಂಟಿಸಿ ಪುಸ್ತಕ ಹೊಸದು ಅಂತ ಹೇಳೋದು. 64 ಜಿಬಿ ಕಾರ್ಡ್ ಎರಡು ಮೂರು ಸೆಕೆಂಡಲ್ಲಿ ಫಾರ್ಮ್ಯಾಟ್ ಆಗೋದು ಹೇಗೆ ಅಂತ ಯಾವತ್ತಾದರೂ ಅನಿಸಿದ್ದರೆ, ಉತ್ತರ ಇದೇ.

ಫಾರ್ಮ್ಯಾಟ್ ಅನ್ನೋ ಮಾತಿಗೆ ಫ್ಲಾಪಿ ಕಾಲದಲ್ಲಿ ಬೇರೆ ತೂಕ ಇತ್ತು. ಖಾಲಿ ಡಿಸ್ಕಿನ ಕಾಂತೀಯ ಮೇಲ್ಮೈ ಮೇಲೆ ಸಾಲು ಹಾಕೋದು, ಅಂದರೆ ಟ್ರ್ಯಾಕು ಸೆಕ್ಟರುಗಳನ್ನ ಬರೆಯೋದು, ಫಾರ್ಮ್ಯಾಟ್ ಆಗಿತ್ತು. ಡ್ರೈವ್ ಕಿರ್ ಕಿರ್ ಅಂತ ನಿಮಿಷಗಟ್ಟಲೆ ಸದ್ದು ಮಾಡ್ತಿತ್ತು. ಕಾರ್ಡಿನಲ್ಲಿ ಅಂಥ ಕೆಲಸ ನಮಗೆ ಉಳಿದೇ ಇಲ್ಲ, ಫ್ಯಾಕ್ಟರಿಯಲ್ಲೇ ಮುಗಿದಿರುತ್ತೆ. ಹೆಸರು ಹಳೇದು, ಕೆಲಸ ಬೇರೆ. ಗೊಂದಲ ಶುರುವಾಗಿದ್ದೇ ಇಲ್ಲಿಂದ ಅಂತ ನನ್ನ ಅಭಿಪ್ರಾಯ.

ಈಗ ಲೆಡ್ಜರ್ ಬಿಟ್ಟು ಕಾಗದದ ಕಡೆ ಬರೋಣ. ಕಾರ್ಡಿನೊಳಗಿನ ಚಿಪ್ ಹುಟ್ಟಿದ್ದು ಜಪಾನಿನ ತೋಶಿಬಾದಲ್ಲಿ. ಫುಜಿಯೊ ಮಸುವೊಕ ಅನ್ನೋ ಇಂಜಿನಿಯರ್ ಕರೆಂಟ್ ಹೋದರೂ ಮರೆಯದ ಮೆಮೊರಿಯನ್ನ 1984ರಲ್ಲಿ ಜಗತ್ತಿನ ಮುಂದಿಟ್ಟರು. ಅದರ ಇನ್ನೊಂದು ರೂಪ, ಇವತ್ತು ನಮ್ಮ ಎಲ್ಲ ಕಾರ್ಡುಗಳಲ್ಲಿ ಇರೋ ‘ನ್ಯಾಂಡ್’, 1987ರಲ್ಲಿ ಬಂತು. ಈ ಚಿಪ್ಪಿನಲ್ಲಿ ಒಂದು ದೊಡ್ಡ ಭಾಗವನ್ನ ಒಂದೇ ಏಟಿಗೆ ಅಳಿಸಬಹುದು. ಅದನ್ನ ನೋಡಿ ಸಹೋದ್ಯೋಗಿ ಶೋಜಿ ಅರಿಇಜುಮಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯ್ತಂತೆ, ಅದಕ್ಕೇ ‘ಫ್ಲ್ಯಾಶ್ ಮೆಮೊರಿ’. ಕ್ಯಾಮೆರಾ ಒಳಗೆ ಹೋಗೋಕೆ ಎಷ್ಟೋ ವರ್ಷ ಮುಂಚೆನೇ ಕ್ಯಾಮೆರಾದ ಹೆಸರು ಹೊತ್ತುಕೊಂಡ ವಸ್ತು ಇದು.

ದುಡ್ಡಿನ ಲೆಕ್ಕ ಕೇಳದೆ ಮುಂದೆ ಹೋಗೋಕೆ ನನ್ನಿಂದಾಗಲ್ಲ. ಮಸುವೊಕ 1994ರಲ್ಲಿ ತೋಶಿಬಾ ಬಿಟ್ಟು ತೊಹೊಕು ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. 2004ರಲ್ಲಿ ತನ್ನ ಆವಿಷ್ಕಾರಕ್ಕೆ ನ್ಯಾಯವಾದ ಪಾಲು ಸಿಗಲಿಲ್ಲ ಅಂತ ಹಳೇ ಕಂಪನಿ ಮೇಲೆ 100 ಕೋಟಿ ಯೆನ್‌ಗೆ ಕೇಸು ಹಾಕಿದರು. 2006ರಲ್ಲಿ ರಾಜಿ ಆಯ್ತು, 8.7 ಕೋಟಿ ಯೆನ್‌ಗೆ. ಕೇಳಿದ್ದರ ಹತ್ತನೇ ಒಂದು ಭಾಗವೂ ಇಲ್ಲ. ಇನ್ನೊಂದು ಕಡೆ, ಆ ಹಳೇ ಇಂಡೆಕ್ಸ್ ಪದ್ಧತಿಗೆ ಮೈಕ್ರೋಸಾಫ್ಟ್ 2003ರ ಕೊನೆಯಲ್ಲಿ ಲೈಸೆನ್ಸ್ ದರ ಪ್ರಕಟಿಸಿತು: ಫಾರ್ಮ್ಯಾಟ್ ಮಾಡಿ ಮಾರೋ ಪ್ರತಿ ಕಾರ್ಡಿಗೆ 25 ಸೆಂಟ್, ಒಂದು ತಯಾರಕರಿಗೆ ಗರಿಷ್ಠ 2.5 ಲಕ್ಷ ಡಾಲರ್. ಕಾಗದ ಕಂಡುಹಿಡಿದವರು ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು, ಇಂಡೆಕ್ಸ್ ಪೇಟೆಂಟ್ ಇದ್ದವರು ರೇಟ್ ಕಾರ್ಡ್ ಹಾಕಿದರು.

ಚಿಪ್ ಕಾರ್ಡ್ ಆದ ಕಥೆಯಲ್ಲಿ ನಮ್ಮ ದೇಶದವರೂ ಒಬ್ಬರಿದ್ದಾರೆ. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈಲೈ ಹರಾರಿ, ಜ್ಯಾಕ್ ಯುವಾನ್ ಜೊತೆ ಸೇರಿ ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ ‘ಸನ್‌ಡಿಸ್ಕ್’ ಶುರು ಮಾಡಿದರು. 1995ರಲ್ಲಿ ಅದು ಸ್ಯಾನ್‌ಡಿಸ್ಕ್ ಆಯ್ತು. ಅವರ ಕಾಂಪ್ಯಾಕ್ಟ್‌ಫ್ಲ್ಯಾಶ್ 1994ರಲ್ಲಿ, ತೋಶಿಬಾದ ಸ್ಮಾರ್ಟ್‌ಮೀಡಿಯಾ 1995ರಲ್ಲಿ, ಸೋನಿಯ ಮೆಮೊರಿ ಸ್ಟಿಕ್ 1998ರಲ್ಲಿ. 1999ರಲ್ಲಿ ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್, ತೋಶಿಬಾ ಕೂಡಿ ಎಸ್‌ಡಿ ಕಾರ್ಡ್ ಘೋಷಿಸಿದವು, ಮೊದಲು ಬಂದಿದ್ದು 32, 64 ಎಂಬಿಯವು. ಇವತ್ತಿನ ಫೋನಿನ ಏಳೆಂಟು ಫೋಟೋಗೆ ತುಂಬಿಹೋಗೋವಷ್ಟು.

ಇವುಗಳಲ್ಲಿ ಸ್ಮಾರ್ಟ್‌ಮೀಡಿಯಾ ನನಗೆ ಮುಖ್ಯ. ಬಿಸ್ಕತ್ತಿಗಿಂತ ತೆಳು, 0.76 ಮಿಲಿಮೀಟರ್. ಅದರೊಳಗೆ ಚಿಪ್ ಮಾತ್ರ ಇತ್ತು, ಕಂಟ್ರೋಲರ್ ಇರಲಿಲ್ಲ. ಅಂದರೆ ಗುಮಾಸ್ತ ಇಲ್ಲದ ಗೋಡೌನ್. ಎಲ್ಲಿ ಬರೆಯಬೇಕು, ಯಾವ ಭಾಗ ಕೆಟ್ಟಿದೆ ಅನ್ನೋದೆಲ್ಲ ಕ್ಯಾಮೆರಾನೇ ನೋಡ್ಕೋಬೇಕು. ಹಾಗಾಗಿ ಕಂಪ್ಯೂಟರಿನಲ್ಲಿ ಹೇಗೋ ಫಾರ್ಮ್ಯಾಟ್ ಮಾಡಿದರೆ ಕ್ಯಾಮೆರಾ ಆ ಕಾರ್ಡನ್ನ ಗುರುತೇ ಹಿಡಿಯದೆ ಹೋಗ್ತಿತ್ತು. ‘ಕಾರ್ಡನ್ನ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ’ ಅಂತ ಫೋಟೋಗ್ರಾಫರುಗಳು ಮಂತ್ರದ ಥರ ಹೇಳ್ತಾರಲ್ಲ, ಆ ಮಾತಿಗೆ ಆ ಕಾಲದಲ್ಲಿ ಗಟ್ಟಿ ಕಾರಣ ಇತ್ತು.

ಎಸ್‌ಡಿ ಕಾರ್ಡಿನಲ್ಲಿ ಗುಮಾಸ್ತ ಇದ್ದಾನೆ. ಆದರೂ ಮಾತು ಸುಳ್ಳಾಗಿಲ್ಲ. ಫ್ಲ್ಯಾಶ್ ಚಿಪ್ಪಿನಲ್ಲಿ ಬರೆಯೋದು ಪುಟ ಪುಟವಾಗಿ, ಅಳಿಸೋದು ಮಾತ್ರ ನೂರಾರು ಪುಟದ ಕಟ್ಟಾಗಿ. ಫಾರ್ಮ್ಯಾಟಿನ ಗೆರೆಗಳು ಆ ಕಟ್ಟಿನ ಅಂಚಿಗೆ ಹೊಂದಿಕೊಂಡರೆ ಬರವಣಿಗೆ ಸಲೀಸು, ಇಲ್ಲದಿದ್ದರೆ ಒಂದು ಪುಟಕ್ಕಾಗಿ ಎರಡು ಕಟ್ಟು ಬಿಚ್ಚಬೇಕು. ಕಂಪ್ಯೂಟರಿನ ಸಾಮಾನ್ಯ ಫಾರ್ಮ್ಯಾಟ್ ಇದನ್ನ ಯಾವಾಗಲೂ ಲೆಕ್ಕಕ್ಕೆ ತಗೊಳ್ಳಲ್ಲ. ಅದಕ್ಕೇ ಎಸ್‌ಡಿ ಅಸೋಸಿಯೇಶನ್ ತನ್ನದೇ ಉಚಿತ ಫಾರ್ಮ್ಯಾಟರ್ ಕೊಡುತ್ತೆ. ಕ್ಯಾಮೆರಾ ಇಲ್ಲದಿದ್ದರೆ ಅದನ್ನ ಬಳಸಿ. ಪ್ರತಿ ಕಟ್ಟನ್ನ ಇಷ್ಟೇ ಸಲ ಅಳಿಸಬಹುದು ಅಂತ ಮಿತಿಯೂ ಇದೆ. ಆದರೆ ಫಾರ್ಮ್ಯಾಟ್ ಮಾಡಿದರೆ ಕಾರ್ಡ್ ಸವೆಯುತ್ತೆ ಅಂತ ಹೆದರೋರಿಗೆ ಹೇಳ್ತೀನಿ: ಬರೀ ಇಂಡೆಕ್ಸ್ ಬದಲಾಯಿಸೋದರಿಂದ ಆಗೋ ಸವೆತ, ಒಂದು ವಿಡಿಯೋ ತೆಗೆಯೋದರ ಮುಂದೆ ಏನೇನೂ ಅಲ್ಲ.

ಕಾರ್ಡಿನ ಪಕ್ಕದಲ್ಲಿರೋ ಪುಟ್ಟ ಲಾಕ್ ಗುಂಡಿ ಬಗ್ಗೆ ಒಂದು ಮಾತು. ಅದಕ್ಕೂ ಒಳಗಿನ ಚಿಪ್ಪಿಗೂ ಸಂಬಂಧವೇ ಇಲ್ಲ, ಅದೊಂದು ಪ್ಲಾಸ್ಟಿಕ್ ತುಂಡು ಅಷ್ಟೇ. ಅದು ಎಲ್ಲಿದೆ ಅಂತ ನೋಡಿ ಗೌರವ ಕೊಡಬೇಕಾದ್ದು ಕ್ಯಾಮೆರಾ ಅಥವಾ ರೀಡರ್.

ಸರಿ, ಫೋಟೋ ಪುಟದಲ್ಲೇ ಉಳಿದಿದ್ದರೆ ನಮಗೇನು? ಇದು ಎರಡು ಕಡೆ ಹರಿಯೋ ಕತ್ತಿ.

ಮೊದಲ ಕಡೆ. ಒಂದು ಮದುವೆ ಯೋಚಿಸಿ. ಧಾರೆ ಮುಗಿದಿದೆ, ಮಾಂಗಲ್ಯಧಾರಣೆ ಆಗಿದೆ, ರಿಸೆಪ್ಶನ್ನಿಗೆ ಮುಂಚೆ ಗಡಿಬಿಡಿಯಲ್ಲಿ ಯಾರೋ ತಪ್ಪು ಕಾರ್ಡನ್ನ ಫಾರ್ಮ್ಯಾಟ್ ಮಾಡಿದರು. ಮುಹೂರ್ತವನ್ನ ಮತ್ತೆ ನಡೆಸೋಕೆ ಆಗಲ್ಲ. ಆ ಕ್ಷಣದಲ್ಲಿ ಮಾಡಬೇಕಾದ್ದು ಒಂದೇ: ಕಾರ್ಡ್ ಹೊರಗೆ ತೆಗೆದು ಪಕ್ಕಕ್ಕಿಡಿ. ಇನ್ನೊಂದು ಫೋಟೋ ಕೂಡ ಅದರಲ್ಲಿ ತೆಗೀಬೇಡಿ, ಯಾಕಂದರೆ ಹೊಸ ಫೋಟೋ ಖಾಲಿ ಅಂತ ಬರೆದಿರೋ ಹಳೇ ಪುಟದ ಮೇಲೇ ಕೂರುತ್ತೆ. ಫೋಟೋರೆಕ್ ಥರದ ಉಚಿತ ಸಾಫ್ಟ್‌ವೇರ್ ಇಂಡೆಕ್ಸ್ ನೋಡೋದೇ ಇಲ್ಲ. ಪ್ರತಿ ಜೆಪೆಗ್ ಫೈಲೂ ಒಂದೇ ಗುರುತಿನಿಂದ ಶುರುವಾಗುತ್ತೆ, ಅದನ್ನ ಹಿಡಿದು ಪುಟ ಪುಟ ತಡಕಾಡಿ ಫೋಟೋ ಎತ್ತುತ್ತೆ. ಎತ್ತಿದ್ದನ್ನ ಬೇರೆ ಡ್ರೈವಿಗೆ ಹಾಕಬೇಕು. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ‘ಲೋ ಲೆವೆಲ್ ಫಾರ್ಮ್ಯಾಟ್’ ಇರುತ್ತೆ. ಅದನ್ನ ಟಿಕ್ ಮಾಡಿದ್ದರೆ ಈ ಆಸೆ ಇಟ್ಕೋಬೇಡಿ, ಅಲ್ಲಿ ಪುಟಗಳೇ ಅಳಿಸಿರುತ್ತವೆ. ಎರಡು ಕಡೆ ಕಾಪಿ ಆಗೋವರೆಗೂ ಕಾರ್ಡ್ ಮುಟ್ಟದಿರೋ ಫೋಟೋಗ್ರಾಫರ್ ಸಿಕ್ಕರೆ, ಅಂಥವರಿಗೆ ನಾಲ್ಕು ಕಾಸು ಜಾಸ್ತಿ ಕೊಡೋದರಲ್ಲಿ ತಪ್ಪಿಲ್ಲ.

ನಕಲಿ ಕಾರ್ಡ್ ಮೋಸವೂ ಇದೇ ಸೋಮಾರಿತನದ ಮೇಲೆ ನಿಂತಿದೆ. ಒಳಗೆ 16 ಜಿಬಿ ಚಿಪ್, ಗುಮಾಸ್ತನಿಗೆ 512 ಅಂತ ಸುಳ್ಳು ಹೇಳೋಕೆ ಕಲಿಸಿರ್ತಾರೆ. ನೀವು ಫಾರ್ಮ್ಯಾಟ್ ಮಾಡಿ ‘ಆಯ್ತು, 512 ತೋರಿಸ್ತಿದೆ’ ಅಂತೀರಿ. ಫಾರ್ಮ್ಯಾಟ್ ಮುಟ್ಟಿದ್ದು ಮೊದಲ ಕೆಲವು ಪುಟ ಮಾತ್ರ! ನಿಜವಾದ 16 ತುಂಬಿದ ಮೇಲೆ ಬರೆದಿದ್ದೆಲ್ಲ ನೀರಲ್ಲಿ ಹೋಮ. ಅದಕ್ಕೇ ಕಡಿಮೆ ಬೆಲೆಗೆ ತಗೊಂಡ ಕಾರ್ಡನ್ನ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನೋ ಉಚಿತ ಟೂಲ್‌ಗಳಿಂದ ಪೂರ್ತಿ ತುಂಬಿಸಿ, ವಾಪಸ್ ಓದಿಸಿ ನೋಡಿ. ಗಂಟೆಗಟ್ಟಲೆ ಆಗುತ್ತೆ, ರಾತ್ರಿ ಹಾಕಿ ಮಲಗಿ.

ಎರಡನೇ ಕಡೆ ಇನ್ನೂ ಗಂಭೀರ. 2018ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಸಂಶೋಧಕರು 100 ಸೆಕೆಂಡ್ ಹ್ಯಾಂಡ್ ಮೆಮೊರಿ ಕಾರ್ಡ್ ಕೊಂಡು ಪರೀಕ್ಷೆ ಮಾಡಿದರು. ಸುಮಾರು ಮೂರನೇ ಎರಡು ಭಾಗ ಕಾರ್ಡುಗಳಲ್ಲಿ ಹಳೇ ಮಾಲೀಕರ ಮಾಹಿತಿ ಸಿಕ್ಕಿತು. ಕೆಲವರು ಅಳಿಸೋಕೆ ಕೈಯೇ ಹಾಕಿರಲಿಲ್ಲ ನಿಜ. ಆದರೆ ಅಳಿಸಿದೀನಿ ಅಂತ ನಂಬಿ, ಫಾರ್ಮ್ಯಾಟ್ ಒತ್ತಿ, ನೆಮ್ಮದಿಯಿಂದ ಮಾರಿದವರೂ ಆ ಲೆಕ್ಕದಲ್ಲಿದ್ದರು. ಹಳೇ ಫೋನ್ ಎಕ್ಸ್‌ಚೇಂಜ್ ಮಾಡುವಾಗ, ಕ್ಯಾಮೆರಾ ಆನ್‌ಲೈನಲ್ಲಿ ಮಾರುವಾಗ ನಮ್ಮಲ್ಲೂ ಎಷ್ಟು ಜನ ಕಾರ್ಡ್ ಒಳಗೇ ಬಿಟ್ಟು ಕೊಡ್ತಾರೆ, ಯೋಚಿಸಿ. ಮನೆಯವರ ಫೋಟೋ, ಆಧಾರ್ ಕಾರ್ಡಿನ ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ.

ಹಾಗಾಗಿ ಕಾರ್ಡ್ ಕೈಬಿಡೋ ಮುಂಚೆ ಎಸ್‌ಡಿ ಅಸೋಸಿಯೇಶನ್ ಫಾರ್ಮ್ಯಾಟರಿನಲ್ಲಿ ‘ಓವರ್‌ರೈಟ್’ ಆಯ್ಕೆ ಮಾಡಿ, ಅಥವಾ ವಿಂಡೋಸಿನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಮುಂದಿನ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ವಿಸ್ಟಾ ಬಂದಾಗಿನಿಂದ ವಿಂಡೋಸಿನ ಪೂರ್ತಿ ಫಾರ್ಮ್ಯಾಟ್ ಎಲ್ಲ ಪುಟಗಳ ಮೇಲೂ ಸೊನ್ನೆ ಬರೆಯುತ್ತೆ. ಆದರೂ ಗುಮಾಸ್ತ ಪಕ್ಕಕ್ಕಿಟ್ಟಿರೋ ಕೆಲವು ಹಳೇ ಕಟ್ಟುಗಳು ಇದಕ್ಕೂ ಸಿಗದೆ ಉಳಿಯಬಹುದು. ನಿಜವಾಗಿ ಗುಟ್ಟಿನದು ಏನಾದರೂ ಇದ್ದ ಕಾರ್ಡ್ ಆದರೆ ಮುನ್ನೂರು ರೂಪಾಯಿ ಆಸೆಗೆ ಮಾರಬೇಡಿ, ಕತ್ತರಿ ತಗೊಂಡು ಚಿಪ್ ಸಮೇತ ತುಂಡು ಮಾಡಿ.

ಇವತ್ತಿಗೆ ಇಷ್ಟು. ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಸಿಗೋಣ.