ತಾಯಿಯ ಕೆಲಸ, ಮಗುವಿಗೆ ಗೇಲಿ: ಪೌರಕಾರ್ಮಿಕರ ಮಕ್ಕಳು ಮತ್ತು ಶಾಲೆಯ ಹೊಣೆ

ಬೀದಿ ಗುಡಿಸುವವರ, ಚರಂಡಿ ತೆಗೆಯುವವರ, ಕಸದ ಆಟೋದಲ್ಲಿ ದುಡಿಯುವವರ ಮಕ್ಕಳನ್ನು ಹೆತ್ತವರ ಕೆಲಸ ಹಿಡಿದು ಹಂಗಿಸುವುದು ನಮ್ಮ ಶಾಲೆಗಳಿಗೆ ಹೊಸದಲ್ಲ. ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವವರುಂಟು. ಒಂದಿಬ್ಬರು ತುಂಟರ ಸ್ವಭಾವದೋಷವೆಂದು ತಿಳಿದು, ಗದರಿಸಿ ಮುಗಿಸುವ ಶಿಕ್ಷಕರೂ ಉಂಟು. ಈ ಲೇಖನದ ವಾದ ಬೇರೆ. ಯಾವ ಕೆಲಸ ಕೀಳೆಂಬ ಪಾಠವನ್ನು ಮಕ್ಕಳು ಮನೆಯಲ್ಲಿ, ಬೀದಿಯಲ್ಲಿ ಕಲಿತು ಬರುತ್ತಾರೆ, ನಿಜ. ಆದರೆ ಅದಕ್ಕೆ ಮುದ್ರೆ ಒತ್ತುವುದು ಶಾಲೆಯ ದಿನಚರಿ: ಅರ್ಜಿಯ ಕಲಮು, ವಿದ್ಯಾರ್ಥಿವೇತನದ ಪಟ್ಟಿ, ಕಸಬರಿಗೆ ಯಾರ ಕೈಗೆ ಎಂಬ ತೀರ್ಮಾನ. ನೊಂದ ಮಗುವಿಗೆ ನೆರವಾಗುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಶಾಲಾ ಕಿರುಕುಳದ ಅಧ್ಯಯನಕ್ಕೆ ತಳಹದಿ ಹಾಕಿದ ಡಾನ್ ಓಲ್ವೇಯಸ್ ಅದಕ್ಕೆ ಮೂರು ಲಕ್ಷಣ ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ನಡುವಿನ ಬಲದ ಅಸಮತೆ. ನಮ್ಮ ಸಂದರ್ಭದಲ್ಲಿ ಮೂರನೆಯದೇ ನಿರ್ಣಾಯಕ. ಇಲ್ಲಿ ಬಲವೆಂದರೆ ಮೈಕಟ್ಟಲ್ಲ, ಜಾತಿ. ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರೇ ಆಗಿರುವುದರಿಂದ ಹಂಗಿಸುವವನ ಹಿಂದೆ ಇಡೀ ಊರಿನ ಒಪ್ಪಿಗೆ ನಿಂತಿರುತ್ತದೆ. 1963ರಲ್ಲಿ ಎರ್ವಿಂಗ್ ಗಾಫ್‌ಮನ್ ಕಳಂಕದ ಬಗ್ಗೆ ಬರೆದಾಗ, ಅದು ಹೊತ್ತವರ ಹತ್ತಿರದವರಿಗೂ ಅಂಟಿಕೊಳ್ಳುವ ಬಗೆಯನ್ನು ಗುರುತಿಸಿದ್ದರು. ಆದರೆ ಜಾತಿಯಲ್ಲಿ ಕಳಂಕ ಪಕ್ಕದವರಿಗೆ ತಗಲುವುದಷ್ಟೇ ಅಲ್ಲ, ಪಿತ್ರಾರ್ಜಿತವಾಗಿಯೇ ಇಳಿಯುತ್ತದೆ. 'ನಿಮ್ಮಮ್ಮ ಕಸ ಗುಡಿಸ್ತಾಳೆ' ಎಂಬ ಮಾತಿನೊಳಗೆ 'ನಾಳೆ ನೀನೂ ಗುಡಿಸ್ತೀಯ' ಎಂಬುದು ಅಡಗಿದೆ. ಮಗುವನ್ನು ಕುಗ್ಗಿಸುವುದು ಆ ಎರಡನೆಯ ಮಾತು.

ಈಗ ಶಾಲೆಯ ಕಡತಗಳಿಗೆ ಬರೋಣ. ಮಲ ಬಾಚುವವರ, ಚರ್ಮ ಸುಲಿಯುವ ಮತ್ತು ಹದಮಾಡುವವರ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1977-78ರಲ್ಲಿ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ ಆರಂಭಿಸಿತು. ಉದ್ದೇಶ ಒಳ್ಳೆಯದೇ. ಆದರೆ ಹಣ ಸಿಗಬೇಕಾದರೆ ತಂದೆ ಅಥವಾ ತಾಯಿಯ ಕೆಲಸದ ಪ್ರಮಾಣಪತ್ರ ಬೇಕು. ಆ ಕಾಗದ ಕಚೇರಿಯಿಂದ ಕಚೇರಿಗೆ ಹೋಗುವಷ್ಟು ಕಾಲ ತೊಂದರೆಯಿಲ್ಲ. ತರಗತಿಗೆ ಬಂದಾಗಲೇ ಕೆಡುಕು. ಹಾಜರಿ ಮುಗಿಸಿದ ಶಿಕ್ಷಕರು 'ಪೌರಕಾರ್ಮಿಕರ ಮಕ್ಕಳು ಯಾರ್‍ಯಾರು, ಎದ್ದು ನಿಲ್ಲಿ, ಸರ್ಟಿಫಿಕೇಟ್ ತಂದಿದ್ದೀರಾ?' ಎಂದು ಕೇಳಿದರೆ ಸಾಕು. ಅಷ್ಟು ದಿನ ಬರೀ ಸಹಪಾಠಿಯಾಗಿದ್ದವನು ಆ ಗಳಿಗೆಯಿಂದ ಅಡ್ಡಹೆಸರೊಂದಕ್ಕೆ ಗುರಿಯಾಗುತ್ತಾನೆ. ಶಿಕ್ಷಕರಲ್ಲಿ ದುರುದ್ದೇಶವಿರಬೇಕಿಲ್ಲ, ಅವಸರವೊಂದೇ ಸಾಕು. ಈ ಕಾರಣಕ್ಕೆ ಅರ್ಜಿಯನ್ನೇ ಹಾಕದೆ ಉಳಿಯುವ ಮಗು ತನ್ನ ಹಕ್ಕಿನ ಹಣವನ್ನು ಮಾನ ಉಳಿಸಿಕೊಳ್ಳಲು ತೆತ್ತಂತಾಗುತ್ತದೆ.

ಸ್ವಚ್ಛತೆಯ ಕೆಲಸ ಹಂಚುವುದು ಇದಕ್ಕಿಂತ ಘೋರ. ಹ್ಯೂಮನ್ ರೈಟ್ಸ್ ವಾಚ್ 2014ರ ತನ್ನ ವರದಿಯಲ್ಲಿ ಉತ್ತರ ಪ್ರದೇಶ, ಬಿಹಾರ ಮೊದಲಾದೆಡೆ ದಲಿತ ಮಕ್ಕಳಿಂದಲೇ ಶೌಚಾಲಯ ತೊಳೆಸುತ್ತಿದ್ದುದನ್ನು ದಾಖಲಿಸಿತು. ನಾವು ದೂರದ ಮಾತೆಂದು ಸುಮ್ಮನಿರುವಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬೆಳಕಿಗೆ ಬಂತು. ಬಿ. ಬಸವಲಿಂಗಪ್ಪನವರು ಸಚಿವರಾಗಿ 1970ರ ದಶಕದಲ್ಲೇ ಮಲ ಹೊರುವ ಪದ್ಧತಿಗೆ ತೆರೆ ಎಳೆದ ರಾಜ್ಯವಿದು. ದೇಶದ ಮಟ್ಟದಲ್ಲಿ ಅದನ್ನು ನಿಷೇಧಿಸುವ 2013ರ ಕಾಯ್ದೆಯೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಶಿಕ್ಷಕರು ಆರಿಸಿ ಆರಿಸಿ ಒಂದೇ ಮಗುವಿನ ಕೈಗೆ ಪೊರಕೆ ಕೊಟ್ಟಾಗ, ಉಳಿದವರ ಗೇಲಿಗೆ ಅನುಮತಿ ಸಿಕ್ಕಂತೆಯೇ.

ಉತ್ತರ ಕರ್ನಾಟಕದ ದೇವದಾಸಿ ತಾಯಂದಿರ ಮಕ್ಕಳಿಗೆ ಇದೇ ಏಟು ಬೇರೊಂದು ಕಲಮಿನಿಂದ ಬೀಳುತ್ತದೆ: ತಂದೆಯ ಹೆಸರು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಮಗುವಿನ ಅರ್ಜಿಯಲ್ಲಿನ ಖಾಲಿ ಜಾಗವನ್ನಲ್ಲ. ಒಂಟಿ ತಾಯಿಯ ಕೋರಿಕೆಯ ಮೇಲೆ ತಂದೆಯ ಹೆಸರಿಲ್ಲದೆಯೇ ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ ಮೇಲೂ ಆ ಕಲಮನ್ನು ತುಂಬಲೇಬೇಕೆಂದು ಹಟ ಹಿಡಿಯುವುದಕ್ಕೆ ಅರ್ಥವಿಲ್ಲ. ಇಂಥ ಮಕ್ಕಳಿಗೆ ಬೇರೆಯೇ ಶಾಲೆ, ಬೇರೆಯೇ ಹಾಸ್ಟೆಲ್ ಇರಲಿ ಎಂಬ ಸಲಹೆ ಸಹಾನುಭೂತಿಯಿಂದಲೇ ಬರುತ್ತದೆ. ಲೈಂಗಿಕ ವೃತ್ತಿಯಲ್ಲಿರುವವರ ಮಕ್ಕಳ ಕುರಿತ ಗೌರವ್ ಜೈನ್ ಪ್ರಕರಣದಲ್ಲಿ ನ್ಯಾಯಾಲಯ ಇಂಥದೇ ಕೋರಿಕೆಯನ್ನು ಒಪ್ಪಲಿಲ್ಲ. ಅದು ಸರಿಯಾದ ನಿಲುವೆಂದೇ ನನ್ನ ನಂಬಿಕೆ. ಗೇಲಿ ಮಾಡಿದವರು ಇದ್ದಲ್ಲೇ ಇದ್ದು, ಗೇಲಿಗೆ ಒಳಗಾದ ಮಗು ಜಾಗ ಖಾಲಿ ಮಾಡುವುದು ಪರಿಹಾರವಲ್ಲ.

ಹಾಗಾದರೆ ಮಾಡಬೇಕಾದುದೇನು? ಫಿನ್‌ಲ್ಯಾಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲಿ ತೋರಿಸಿದ್ದು ಇಲ್ಲಿ ನೆರವಿಗೆ ಬರುತ್ತದೆ. ಕಿರುಕುಳದಲ್ಲಿ ಪಾತ್ರಧಾರಿಗಳು ಇಬ್ಬರೇ ಅಲ್ಲ. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ನೋಡುವವರು, ಅಡ್ಡ ಬರುವವರು ಎಲ್ಲರೂ ಅದರ ಭಾಗ. ಅವರ ತಂಡ ರೂಪಿಸಿದ 'ಕಿವಾ' ಕಾರ್ಯಕ್ರಮ ನೋಡುಗರನ್ನೇ ಬದಲಿಸಲು ಹೊರಟಿತು. ಸ್ನೇಹಪರರಾದ ಕೆಲವು ಸಹಪಾಠಿಗಳನ್ನು ಕರೆದು, ನೊಂದ ಮಗುವಿನ ಜೊತೆ ನಿಲ್ಲಲು ಏನು ಮಾಡಬಲ್ಲಿರಿ ಎಂದು ಕೇಳುವುದು ಅದರ ಒಂದು ಕ್ರಮ. ಬಿಸಿಯೂಟದ ಸಾಲಿನಲ್ಲಿ ಪಕ್ಕ ಕೂರುವುದು, ಆಟಕ್ಕೆ ಸೇರಿಸಿಕೊಳ್ಳುವುದು, ನಗುವವರ ಜೊತೆ ನಗದಿರುವುದು ನಮ್ಮ ಯಾವ ಶಾಲೆಯಲ್ಲೂ ಖರ್ಚಿಲ್ಲದೆ ಆಗುವಂಥವು. ಇದಕ್ಕೆ ಬದಲು ಇಬ್ಬರನ್ನೂ ಎದುರೆದುರು ನಿಲ್ಲಿಸಿ ಕೈಕುಲುಕಿಸುವ ರಾಜಿ ಪಂಚಾಯಿತಿ, ಬಲ ಸಮವಿಲ್ಲದ ಕಡೆ, ನೊಂದವರಿಗೇ ಎರಡನೇ ಸೋಲು.

ಒಳ್ಳೆಯ ಮನಸ್ಸಿನ ಶಿಕ್ಷಕರು ಮಾಡುವ ಇನ್ನೊಂದು ತಪ್ಪಿದೆ. ದೂರು ಬಂದ ಮರುದಿನವೇ ಅವರು ತರಗತಿಯಲ್ಲಿ ದುಡಿಮೆಯ ಘನತೆ ಕುರಿತು ಭಾಷಣ ಮಾಡುತ್ತಾರೆ. ನಲವತ್ತು ಜೊತೆ ಕಣ್ಣುಗಳು ಒಂದೇ ಬೆಂಚಿನತ್ತ ತಿರುಗುತ್ತವೆ. ಅಂಗಳ ಗುಡಿಸುವ ಕಾಯಕದ ಶರಣೆ ಸತ್ಯಕ್ಕನ ಬಗ್ಗೆ ಪಾಠವಾಗಲಿ, ಆದರೆ ಯಾರ ನೋವಿನ ಬೆನ್ನಿಗೂ ಅಲ್ಲ, ಎಲ್ಲರ ಪಾಠವಾಗಿ. ಮಗುವಿನ ಜೊತೆ ಮಾತಾಡುವುದಿದ್ದರೆ ಏಕಾಂತದಲ್ಲಿ, ಅವಸರವಿಲ್ಲದೆ. ಮನೆಯ ವಿಷಯ ಯಾರಿಗೆ ಎಷ್ಟು ಹೇಳಬೇಕೆಂಬುದು ಮಗುವಿನದೇ ತೀರ್ಮಾನವಾಗಿರಲಿ. ಬಚ್ಚಿಡು ಎಂದೂ ಹೇಳಬಾರದು, ಹೆಮ್ಮೆಯಿಂದ ಸಾರು ಎಂದೂ ಒತ್ತಾಯಿಸಬಾರದು.

ತಾಯಿಯ ಸ್ಥಾನವೂ ಇಲ್ಲಿ ಮುಖ್ಯ. ಶಾಲೆಯ ಗೇಟಿನ ಹೊರಗೆ ಮಿಂಚುಪಟ್ಟಿಯ ಜಾಕೆಟ್ ಕಳಚಿ ಚೀಲದೊಳಗೆ ತುರುಕಿ, ಸೆರಗು ಸರಿಮಾಡಿಕೊಂಡು ಒಳಗೆ ಬರುವ ತಾಯಿ ಮಗಳ ಮಾನ ಕಾಯುತ್ತಿದ್ದಾಳೆ. ಆಕೆಯನ್ನು ಮುಖ್ಯ ಶಿಕ್ಷಕರ ಕೋಣೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿದರೆ ಹೊರಗಿನ ಮಕ್ಕಳು ನೋಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯ (ನಮ್ಮಲ್ಲಿ ಎಸ್‌ಡಿಎಂಸಿ) ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಎಸ್‌ಡಿಎಂಸಿ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಬೆಳಗಿನ ಪಾಳಿಯ ಪೌರಕಾರ್ಮಿಕರಿಗೆ ಬೆಳಿಗ್ಗೆ ಹನ್ನೊಂದರ ಸಭೆಗೆ ಬರಲಾಗದು. ಸಭೆಯನ್ನು ಮಧ್ಯಾಹ್ನ ಮೂರರ ಮೇಲಿಟ್ಟು, ವಿದ್ಯಾರ್ಥಿವೇತನದ ಅರ್ಜಿಗಳನ್ನು ಅಲ್ಲಿಯೇ ಪೋಷಕರ ಕೈಯಿಂದ ನೇರವಾಗಿ ಪಡೆದರೆ, ಆ ಕಾಗದ ತರಗತಿಯ ಬಾಗಿಲು ದಾಟಿ ಒಳಬರುವ ಪ್ರಸಂಗವೇ ಇರುವುದಿಲ್ಲ.