ಕೊಂಡಿಯ ಎರಡು ಬದಿ

ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡಕ್ಕೂ ಹಾಸು ಬೇರೆ. ಮೈಯ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಹಾಕಿ ಕೈಯಿಂದಲೇ ಜೋಡಿಸುತ್ತಾರೆ. ಅದೇ ಕೊಂಡಿ. ಹುನಗುಂದ, ಇಳಕಲ್ ಸೀಮೆಯ ನೇಕಾರಿಕೆಯ ಇತಿಹಾಸ ನನ್ನ ಪಿಎಚ್.ಡಿ. ವಿಷಯ. ಈ ಕೊಂಡಿಯ ಜಾಡು ಹಿಡಿದರೆ ಅದು ಫ್ರಾನ್ಸಿನವರೆಗೂ ಹೋಗುತ್ತದೆ.

ಹತ್ತಿ, ರೇಷ್ಮೆ ಎರಡೂ ಪಾಲಿಮರ್‌ಗಳು. ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿ ಆದವು. ಹತ್ತಿಯ ಸರಪಳಿ ಸೆಲ್ಯುಲೋಸ್, ರೇಷ್ಮೆಯದು ಪ್ರೋಟೀನ್. ರೇಷ್ಮೆಹುಳುವಿನಂತೆ ಮನುಷ್ಯನೂ ನೂಲು ತೆಗೆಯಬಹುದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲೇ ಬರೆದಿದ್ದ. ಇನ್ನೂರು ವರ್ಷದ ಮೇಲೆ, 1865ರಲ್ಲಿ, ಫ್ರಾನ್ಸಿನ ರೇಷ್ಮೆಹುಳುಗಳಿಗೆ ರೋಗ ಬಡಿದಾಗ ಲೂಯಿ ಪಾಶ್ಚರ್ ಅಲ್ಲಿಗೆ ಹೋದ. ಆತನಿಗೆ ಹುಳುವಿನ ಪರಿಚಯವೇ ಇರಲಿಲ್ಲ. ಸಾಕುವವರ ಊರಿನಲ್ಲೇ ಉಳಿದು, ವರ್ಷಗಟ್ಟಲೆ ಕಲಿತ. ಆ ಕಾಲದ ಚಿಂತೆಯಲ್ಲೇ ಬೆಳೆದ ಶಾರ್ದೊನೆ ಎಂಬಾತ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಕೃತಕ ರೇಷ್ಮೆಯನ್ನು ತೋರಿಸಿದ. ಅದು ಬೇಗ ಬೆಂಕಿ ಹಿಡಿಯುತ್ತಿತ್ತು. 1892ರಲ್ಲಿ ಇಂಗ್ಲೆಂಡಿನಲ್ಲಿ ವಿಸ್ಕೋಸ್ ಬಂತು. ಮರದ ತಿರುಳನ್ನು ಕರಗಿಸಿ, ಹುಳು ಎಳೆ ಬಿಡುವಂತೆ, ಸಣ್ಣ ತೂತುಗಳಿಂದ ನೂಲು ತೆಗೆಯುವ ವಿಧಾನ ಅದು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಜಮ್ಶೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಬೆಂಗಳೂರಿಗೆ ಕರೆಸಿ ರೇಷ್ಮೆ ತೋಟ ಮಾಡಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇನ್ನೂ ಇದೆ. ಅಲ್ಲಿಗೆ ಮನುಷ್ಯರು ಬಂದರು, ಜೊತೆಗೆ ವಿದ್ಯೆಯೂ ಬಂತು. ಇಳಕಲ್ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ನಾನು ಮಾತಾಡಿಸಿದ ಹಿರಿಯ ನೇಕಾರರ ನೆನಪಿನಲ್ಲಿ ಕೃತಕ ರೇಷ್ಮೆಯ ಲಡಿಗಳು ಬಂದ ಮಾತಿದೆ; ಅದರ ವಿದ್ಯೆ ಕಲಿಸಲು ಬಂದವರ ಮಾತಿಲ್ಲ.

ನೇಕಾರರು ಅದನ್ನು ಚಮಕಾ ಎಂದು ಕರೆದರು. ಅಗ್ಗದ ನೂಲು, ಒಳ್ಳೆಯ ಹೊಳಪು. ಬಡವರ ಮನೆಯ ಮದುಮಗಳಿಗೂ ಕೆಂಪು ಸೆರಗು ಎಟುಕಿತು. ಬಾದಾಮಿ ಸೀಮೆಯ ಗುಳೇದಗುಡ್ಡದ ಖಣದೊಳಗೂ ಅದು ಹೊಕ್ಕಿತು. ಆದರೆ ವಿಸ್ಕೋಸ್ ನೋಟಕ್ಕೆ ರೇಷ್ಮೆ, ಹುಟ್ಟಿನಿಂದ ಹತ್ತಿಯ ನೆಂಟ. ರೇಷ್ಮೆಯ ಸೆರಗಾದರೆ ಕೊಂಡಿಯ ಒಂದು ಬದಿ ಸೆಲ್ಯುಲೋಸ್, ಇನ್ನೊಂದು ಬದಿ ಪ್ರೋಟೀನ್. ಚಮಕಾ ಸೆರಗಿನಲ್ಲಿ ಎರಡೂ ಬದಿ ಸೆಲ್ಯುಲೋಸೇ. ಒದ್ದೆಯಾದಾಗ ವಿಸ್ಕೋಸ್ ಬಲಗುಂದುತ್ತದೆ.

ಇವತ್ತು ಜೇಡನ ಎಳೆ, ರೇಷ್ಮೆಯ ಪ್ರೋಟೀನ್ ನೋಡಿ ಹೊಸ ಪಾಲಿಮರ್ ಮಾಡುವ ಲ್ಯಾಬ್‌ಗಳು ಹಲವು ದೇಶಗಳಲ್ಲಿವೆ. ಸ್ಕಾಲರ್‌ಶಿಪ್ ಸಿಕ್ಕ ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗುತ್ತಾರೆ. ಹೋಗಲಿ, ಕಲಿಯಲಿ. ಆದರೆ ವಿನಿಮಯವೆಂದರೆ ಕೊಡುವುದೂ ಇರಬೇಕಲ್ಲ? ಗುಣದಲ್ಲಿ ಬೇರೆಯಾದ ಎರಡು ನಾರುಗಳನ್ನು ಅಂಟಿಲ್ಲದೆ, ಬರೀ ಕುಣಿಕೆಯಿಂದ, ಮಗ್ಗದ ಎಳೆತ ತಾಳುವಂತೆ ಕೂಡಿಸುವವರು ಇಳಕಲ್ಲಿನ ಕುಣಿಮಗ್ಗಗಳಲ್ಲಿದ್ದಾರೆ. ಪವರ್‌ಲೂಮಿನ ಸದ್ದಿನ ನಡುವೆ ಅವರ ಸಂಖ್ಯೆ ಇಳಿಯುತ್ತಿದೆ. ಬಾಗಲಕೋಟೆಯಲ್ಲಿ 1963ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಹುಡುಗರಿಗೆ ವಿದೇಶಕ್ಕಿಂತ ಇಳಕಲ್ ಹತ್ತಿರ. ಮೊದಲ ವಿನಿಮಯ ಅಲ್ಲಿಂದ ಶುರುವಾಗಬಹುದು. ದೂರದ ದೇಶದ ವಿದ್ಯಾರ್ಥಿ ಬಂದರೆ, ಪಾಶ್ಚರ್ ಸಾಕುವವರ ನಡುವೆ ಇದ್ದಂತೆ, ಆತನೂ ಒಂದಷ್ಟು ದಿನ ಮಗ್ಗದ ಪಕ್ಕ ಕೂರಲಿ. ಕೊಂಡಿಗೆ ಎರಡು ಬದಿ ಬೇಕು.