ಬ್ಯಾಗು ಹೊತ್ತ ಮಕ್ಕಳು

ಗಾಲ್ಫ್ ಅಂದ್ರೆ ಸಾಹೇಬರ ಆಟ ಅಂತಲೇ ನಮ್ಮಲ್ಲಿ ಬಹಳ ಮಂದಿಯ ಲೆಕ್ಕ. ಅದು ಪೂರ್ತಿ ತಪ್ಪೂ ಅಲ್ಲ ಬಿಡಿ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಶುರುವಾಗಿದ್ದೇ ಬ್ರಿಟಿಷರಿಂದ. ಅತ್ತ ಗುಜರಾತಿನ ವಡೋದರದಲ್ಲಿ, ಲಕ್ಷ್ಮೀ ವಿಲಾಸ ಅರಮನೆಯ ಆವರಣದೊಳಗೆ, 1930ರ ದಶಕದಲ್ಲಿ ಪ್ರತಾಪಸಿಂಹ ಗಾಯಕವಾಡರು ಮೈದಾನ ಮಾಡಿಸಿದ್ದು ಯುರೋಪಿಯನ್ ಅತಿಥಿಗಳಿಗಾಗಿ. ಅದನ್ನು ಮತ್ತೆ ಸಜ್ಜುಗೊಳಿಸಿ ಹೊರಗಿನವರಿಗೂ ಬಾಗಿಲು ತೆರೆದವರು ಅವರ ಮೊಮ್ಮಗ, ರಣಜಿ ಆಟಗಾರ ಸಮರಜಿತ್ ಸಿಂಹ. ಅದು 1990ರ ದಶಕದ ಮಾತು.

ಹಾಗಾದರೆ ಸಾಮಾನ್ಯರ ಮಕ್ಕಳು? ಇಂಥ ಮೈದಾನಗಳಿಗೆ ಅವರು ಬರುತ್ತಿದ್ದುದು ಹೆಚ್ಚಾಗಿ ಬ್ಯಾಗು ಹೊರುವ ಕ್ಯಾಡಿಗಳಾಗಿ. ಬೆಂಗಳೂರಿನ ಬಳಿ ಬಿಡದಿಯ ಈಗಲ್ಟನ್‌ಗೆ ಹಾಗೇ ಬಂದ ಹುಡುಗ ಚಿಕ್ಕರಂಗಪ್ಪ. ಕೋಚ್ ವಿಜಯ್ ದಿವೇಚಾ ಕೈಹಿಡಿದು ಕಲಿಸಿದರು. 2010ರಲ್ಲಿ ಆತ ಅಖಿಲ ಭಾರತ ಅಮೆಚೂರ್ ಚಾಂಪಿಯನ್! ಕೋಚ್ ಕಣ್ಣಿಗೆ ಬೀಳದೆ ಬ್ಯಾಗು ಹೊತ್ತುಕೊಂಡೇ ದೊಡ್ಡವರಾದವರು ಎಷ್ಟು ಮಂದಿಯೋ.

ಬೆಂಗಳೂರಿನದೇ ಹುಡುಗಿ ಅದಿತಿ ಅಶೋಕ್ ಕಥೆ ಬೇರೆ. ಅಪ್ಪ ಅಮ್ಮ ಗಾಲ್ಫ್ ಆಡುವವರಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದ ಪಕ್ಕ ತಿಂಡಿಗೆ ಹೋಗುತ್ತಿದ್ದ ಕುಟುಂಬ, ಕುತೂಹಲಕ್ಕೆ ಒಳಗೆ ಇಣುಕಿತು. ಆಗ ಅದಿತಿಗೆ ಐದು ವರ್ಷ. ಮೂವರೂ ಜೊತೆಗೇ ಕಲಿತರು.

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮಗಳ ಬ್ಯಾಗು ಹೊತ್ತವರು ಅಪ್ಪ. 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಅಮ್ಮ. ಅಲ್ಲಿ ಅದಿತಿ ನಾಲ್ಕನೆಯವಳು, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಆ ಶನಿವಾರ ಬೆಳಿಗ್ಗೆ ಗಾಲ್ಫ್‌ನ ಗಂಧಗಾಳಿ ಇಲ್ಲದವರೂ ಟಿವಿ ಮುಂದೆ ಕೂತಿದ್ದರು, ಕಾಫಿ ಆರಿಹೋದದ್ದೂ ತಿಳಿಯದೆ.